ಅರಮನೆಯ ಕುದುರೆ, ಅರವತ್ತನಾಲ್ಕು ಮನೆ

ಜಗನ್ಮೋಹನ ಅರಮನೆಗೆ ಕಾಲಿಟ್ಟವರು ಸಾಮಾನ್ಯವಾಗಿ ಎರಡು ಕಡೆ ಗುಂಪುಗೂಡುತ್ತಾರೆ. ಪುಟಾಣಿ ಸಿಪಾಯಿಗಳು ಕವಾಯತು ಮಾಡುವ ಫ್ರೆಂಚ್ ಗಡಿಯಾರದ ಎದುರು, ಮತ್ತೆ ಹಲ್ದಣಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರದ ಎದುರು. ನೀವು ಎರಡನ್ನೂ ದಾಟಿ, ರವಿವರ್ಮನ ದೇವತೆಗಳಿಗೊಂದು ನಮಸ್ಕಾರ ಹಾಕಿ, ಮೇಲಕ್ಕೆ ಹತ್ತಿ. ಒಂದೊಂದು ಮೆಟ್ಟಿಲಿಗೂ ಕೆಳಗಿನ ಗದ್ದಲ ಒಂದಿಷ್ಟು ಇಳಿಯುತ್ತದೆ. ಶಾಲಾ ಪ್ರವಾಸದ ಮಕ್ಕಳನ್ನು ಸಾಲು ಹಿಡಿಸುವ ಮೇಷ್ಟ್ರ ದನಿ ಮಾತ್ರ ಹಿಂಬಾಲಿಸಿ ಬರುತ್ತದೆ. ಮೇಲೆ ರಂಗಮಹಲು.

ಕಣ್ಣು ಅರೆಬೆಳಕಿಗೆ ಹೊಂದಿಕೊಂಡ ಮೇಲೆ ಗೋಡೆಗಳು ತೆರೆದುಕೊಳ್ಳುತ್ತವೆ. ಇಲ್ಲಿ ಮೈಸೂರು ಅರಸರ ವಂಶಾವಳಿಯನ್ನು ಕಮಲದ ಎಸಳುಗಳಲ್ಲಿ ಬಿಡಿಸಿಟ್ಟ ‘ಸಂತಾನಾಂಬುಜ’. ಅದರಾಚೆ ಬಣ್ಣದ ಗೆರೆಗಳು, ಗೆರೆಯೊಳಗೆ ಮನೆಗಳು, ಮನೆಮನೆಗೂ ಗುರುತು. ಅಲಂಕಾರದ ಬಳ್ಳಿ ಎಂದುಕೊಂಡು ಮುಂದೆ ಹೋಗಬೇಡಿ. ನಿಮ್ಮೆದುರು ಇರುವುದು ಆಟದ ಹಾಸು. ನೆಲಕ್ಕೆ ಹರಡಿ, ಸುತ್ತ ಚಕ್ಕಂಬಕ್ಕಳ ಹಾಕಿ ಕೂತು ಆಡಬೇಕಾದ್ದನ್ನು ಗೋಡೆಗೆ ಏರಿಸಿಬಿಟ್ಟಿದ್ದಾರೆ. ವಂಶದ ಕೀರ್ತಿಗೆ ಕೊಟ್ಟ ಜಾಗದ ಪಕ್ಕದಲ್ಲೇ ಆಟಕ್ಕೂ ಜಾಗ ಕೊಟ್ಟವರು ಈ ಅರಮನೆಯನ್ನು 1861ರಲ್ಲಿ ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು.

ಈ ಗೋಡೆಯ ಮುಂದೆಯೇ ನಿಂತು ಅವರ ಬದುಕನ್ನು ಒಮ್ಮೆ ನೆನೆಯಿರಿ. ಹುಟ್ಟಿದ್ದು 1794ರಲ್ಲಿ. ಶ್ರೀರಂಗಪಟ್ಟಣ ಬಿದ್ದು ಎರಡು ತಿಂಗಳಾಗುವ ಮೊದಲೇ, 1799ರ ಜೂನ್ 30ರಂದು, ಇನ್ನೂ ಐದು ತುಂಬದ ಹುಡುಗನನ್ನು ಪಟ್ಟಕ್ಕೆ ಕೂರಿಸಿದರು. ಅಜ್ಜಿ ಲಕ್ಷ್ಮಮ್ಮಣ್ಣಿ ಬೆನ್ನಿಗಿದ್ದರು, ಆಡಳಿತ ಪೂರ್ಣಯ್ಯನವರ ಕೈಯಲ್ಲಿತ್ತು. ಮುಂದೆ ತಾವೇ ಆಳಿದರು. ನಗರ ಸೀಮೆಯ ರೈತದಂಗೆಯ ನೆಪದಲ್ಲಿ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. ಆಗ ದೊರೆಗೆ 37 ವರ್ಷ. ತೀರಿಕೊಂಡದ್ದು 1868ರಲ್ಲಿ. ಅಂದರೆ ಆಯುಸ್ಸಿನ ಉಳಿದರ್ಧವನ್ನು ಬಿರುದು, ದರ್ಬಾರು, ದಸರಾ ಎಲ್ಲ ಇದ್ದೂ ಆಳ್ವಿಕೆ ಇಲ್ಲದ ಅರಸರಾಗಿ ಕಳೆದರು.

ಇಷ್ಟು ಹೇಳಿದ ಕೂಡಲೇ ಕೆಲವರು ಮುಗುಳ್ನಗುತ್ತಾರೆ. ಕೆಲಸವಿಲ್ಲದ ದೊರೆ ಆಟ ಆಡಿಕೊಂಡು ಕೂತ ಎನ್ನುತ್ತಾರೆ. ಲಖನೌ ಕೈತಪ್ಪುತ್ತಿರುವಾಗ ಚದುರಂಗದಲ್ಲಿ ಮುಳುಗಿದ ಇಬ್ಬರು ಸರದಾರರ ಬಗ್ಗೆ ಪ್ರೇಮಚಂದರು ಬರೆದ ಕಥೆ ನೆನಪಾಗುವುದು ಸಹಜ. ಆದರೆ ಮೈಸೂರಿನ ಕಥೆ ಆ ಜಾಡಿನದಲ್ಲ. ಈ ದೊರೆ ರಾಜ್ಯ ಮರಳಿ ಬರಲೆಂದು ಕೊನೆಯವರೆಗೂ ಪತ್ರ ಬರೆದರು, ದತ್ತು ಮಗನಿಗೆ ಹಕ್ಕು ಸಿಗುವಂತೆ ಹಠ ಹಿಡಿದರು. ಆ ಹಠದಿಂದಲೇ 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು. ಆಳ್ವಿಕೆ ಇಲ್ಲದ ಅದೇ ವರ್ಷಗಳಲ್ಲಿ ಮುಮ್ಮಡಿಯವರು ಆಟಗಳನ್ನು ಹುಡುಕಿ, ಬಿಡಿಸಿ, ವಿಂಗಡಿಸಿ, ಹೊಸದನ್ನು ಕಟ್ಟಿ ಬರೆಸಿಟ್ಟರು. ಹೊತ್ತು ಕಳೆಯಲು ಆಡುವವನು ಆಡಿ ಎದ್ದುಹೋಗುತ್ತಾನೆ. ಆಟದ ಮೂಲ ಹುಡುಕುವವನು ಬರೆದಿಡುತ್ತಾನೆ. ಆ ಬರಹ ಎಲ್ಲಿದೆ ಎಂದು ನೋಡಲು ಈಗ ಕೆಳಗಿಳಿಯೋಣ.

ಕೌತುಕದ ನಿಧಿ

ಆಟೋ ಹಿಡಿದು ಕೌಟಿಲ್ಯ ವೃತ್ತದ ಕಡೆಗೆ ಬನ್ನಿ. ಮರಗಳ ಹಿಂದೆ ಪ್ರಾಚ್ಯವಿದ್ಯಾ ಸಂಶೋಧನಾಲಯದ ಹಳೆಯ ಕಟ್ಟಡ. 1891ರಲ್ಲಿ ಶುರುವಾದ ಸಂಸ್ಥೆ. ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿದ್ದು, 1909ರಲ್ಲಿ ಅದು ಅಚ್ಚಾಗಿ ಲೋಕ ಬೆರಗಾದದ್ದು ಇಲ್ಲಿಂದಲೇ. ಒಳಗೆ ಹೋದರೆ ಮೊದಲು ಮೂಗಿಗೆ ತಾಕುವುದು ಗರಿಗಳಿಗೆ ಸವರುವ ಎಣ್ಣೆಯ ವಾಸನೆ. ಹಲಗೆಗಳ ನಡುವೆ ದಾರ ಕಟ್ಟಿಟ್ಟ ಕಟ್ಟುಗಳು, ಮೇಲೆ ಸಂಖ್ಯೆ ಬರೆದ ಚೀಟಿ.

ಮುಮ್ಮಡಿಯವರ ಆಸ್ಥಾನದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ಒಂಬತ್ತು ನಿಧಿಗಳ ಚಿತ್ರಭರಿತ ಮಹಾಕೋಶ. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ, ಬ್ರಹ್ಮನಿಧಿ, ಗ್ರಹನಿಧಿ ಹೀಗೆ ಸಾಗಿ ಕೊನೆಯದು ಕೌತುಕನಿಧಿ. ಪುಟ ತಿರುಗಿಸಿದಂತೆ ದೇವತೆಗಳ ಕೈ, ಆಯುಧ, ವಾಹನ, ಬಣ್ಣ ಎಲ್ಲ ಸಾಲಾಗಿ ಬರುತ್ತವೆ. ಕೊನೆಯ ನಿಧಿಗೆ ಬಂದಾಗ ನೋಟ ಬದಲಾಗುತ್ತದೆ. ಅಲ್ಲಿ 122 ಯೋಗಾಸನಗಳ ಚಿತ್ರಗಳಿವೆ. ಮೈಸೂರಿನ ಯೋಗಪರಂಪರೆಯ ಬಗ್ಗೆ ಬರೆದವರೆಲ್ಲ ಅವನ್ನು ನೆನೆಯುತ್ತಾರೆ. ಅದೇ ನಿಧಿಯಲ್ಲಿ ಗಂಜೀಫಾ ಎಲೆಗಳಿವೆ, ಹಾಸಿನ ಆಟಗಳಿವೆ, ಚದುರಂಗವಿದೆ. ಆಸನಗಳು ಜಗತ್ತು ಸುತ್ತಿ ಬಂದವು, ಆಟಗಳು ಪುಟದಲ್ಲೇ ಉಳಿದವು. ಚದುರಂಗಕ್ಕೆಂದೇ ‘ಚತುರಂಗ ಸಾರಸರ್ವಸ್ವ’ ಎಂಬ ಬೇರೆ ಗ್ರಂಥವನ್ನೂ ಮುಮ್ಮಡಿಯವರು ರಚಿಸಿದರು. ಇತಿಹಾಸಜ್ಞೆ ಆರ್. ವಸಂತಾ ಅವರು ಈ ದೊರೆಯ ಆಟಗಳು, ಒಗಟುಗಳ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕ 2006ರಲ್ಲಿ ಹೊರಬಂದದ್ದು ಜರ್ಮನಿಯಿಂದ.

ದೊರೆಗೂ ಮೊದಲು ಇಂಥ ಕೆಲಸ ಮಾಡಿದ ಕನ್ನಡನಾಡಿನ ಇನ್ನೊಬ್ಬ ಅರಸನಿದ್ದ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ. ಈಗಿನ ಬಸವಕಲ್ಯಾಣದಲ್ಲಿ ಕೂತು 1129ರ ಸುಮಾರಿಗೆ ಆತ ‘ಮಾನಸೋಲ್ಲಾಸ’ ಬರೆದ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಅದರ ಇನ್ನೊಂದು ಹೆಸರಿನಲ್ಲಿ ಮೊದಲ ಭಾಗವನ್ನು 1926ರಲ್ಲಿ ಅಚ್ಚು ಹಾಕಿದ್ದು ಮೈಸೂರಿನ ಇದೇ ಸಂಸ್ಥೆ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳ ಆ ಗ್ರಂಥದಲ್ಲಿ ಕೊನೆಯದು ಆಟಗಳಿಗೆ ಮೀಸಲು. ಅಡುಗೆ, ಆನೆ, ಮೀನು ಹಿಡಿಯುವುದು, ಕುಸ್ತಿ ಎಲ್ಲ ಬರೆದ ಅರಸ ಚದುರಂಗವನ್ನೂ ಬಿಡಲಿಲ್ಲ. ಕಾಯಿಗಳ ನಡೆಯನ್ನು ವಿವರಿಸಿದ, ಕುದುರೆ ಹಾಸಿನ ಮನೆಗಳನ್ನೆಲ್ಲ ಸುತ್ತಿಬರುವ ಬಗೆಯನ್ನೂ ಹೇಳಿದ. ಬೀದರಿನ ಕಡೆಯ ಆ ಸಾಲುಗಳಿಗೂ ಮೈಸೂರಿನ ರಂಗಮಹಲಿನ ಗೋಡೆಗೂ ನಡುವೆ ಏಳುನೂರು ವರ್ಷ.

ಇನ್ನೂ ಹಿಂದೆ ಹೋಗಬೇಕೆ? ಏಳನೆಯ ಶತಮಾನಕ್ಕೆ ಬನ್ನಿ. ಕನೌಜಿನಲ್ಲಿ ಹರ್ಷನ ಆಸ್ಥಾನ. ಬಾಣ ತನ್ನ ದೊರೆಯ ರಾಜ್ಯದಲ್ಲಿ ಎಷ್ಟು ಶಾಂತಿ ಇದೆಯೆಂದು ಹೊಗಳುವಾಗ, ನಾಲ್ಕು ಅಂಗಗಳ ಸೇನೆಯ ವ್ಯೂಹ ಈಗ ಕಾಣುವುದು ಎಂಟೆಂಟು ಮನೆಯ ಹಾಸಿನ ಮೇಲೆ ಮಾತ್ರ ಎಂದು ಚಮತ್ಕಾರ ಮಾಡುತ್ತಾನೆ. ಚದುರಂಗದ ಹುಟ್ಟಿನ ಬಗ್ಗೆ ಮಾತಾಡುವವರೆಲ್ಲ ಮುಟ್ಟಿ ನೋಡುವ ಹಳೆಯ ಸಾಕ್ಷಿಗಳಲ್ಲಿ ಇದೊಂದು. ಕನ್ನಡಿಗರಿಗೆ ಇದನ್ನು ಓದುವಾಗ ಸಣ್ಣ ನಗು ಬರಬೇಕು. ಅದೇ ಹರ್ಷನ ನಿಜವಾದ ಆನೆಗಳು ನರ್ಮದೆಯ ದಡದಲ್ಲಿ ಬಾದಾಮಿಯ ಇಮ್ಮಡಿ ಪುಲಿಕೇಶಿಯ ಎದುರು ಬಿದ್ದದ್ದನ್ನು 634ರ ಐಹೊಳೆ ಶಾಸನ ಹೇಳುತ್ತದೆ.

ಹಳೆಯ ನಿಯಮದಲ್ಲೊಂದು ಆಟ

ಓದಿದ್ದು ಸಾಕು, ಆಡಿ ನೋಡೋಣ. ಅಗ್ರಹಾರದ ಹಿಂದಿನ ಬೀದಿಯಲ್ಲಿ ಇನ್ನೂ ಉಳಿದ ಜಗಲಿಯೊಂದರ ಮೇಲೆ ಕೂರಿ. ಬಿಸಿಲು ಹೆಂಚಿನ ಅಂಚಿಗೆ ಬಂದಿದೆ, ಪಕ್ಕದ ಮನೆಯಿಂದ ಕಾಫಿಬೀಜ ಹುರಿದ ವಾಸನೆ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಎಂಟೆಂಟು ಮನೆ ಎಳೆಯಿರಿ. ಕಪ್ಪುಬಿಳುಪು ಬಳಿಯಬೇಡಿ. ನಮ್ಮ ಹಳೆಯ ಹಾಸಿಗೆ ಎರಡು ಬಣ್ಣ ಇರಲಿಲ್ಲ, ಬರೀ ಗೆರೆ.

ಮೊದಲು ನಾಲ್ವರ ಆಟ. ಇನ್ನು ಮೂವರನ್ನು ಕೂಗಿ ಕರೆಯಿರಿ. ಪ್ರತಿಯೊಬ್ಬರಿಗೂ ಒಂದು ಮೂಲೆ, ಒಬ್ಬ ರಾಜ, ಒಂದು ಆನೆ, ಒಂದು ಕುದುರೆ, ಒಂದು ರಥ, ನಾಲ್ಕು ಕಾಲಾಳು. ನಡುವೆ ದಾಳ. ಐದು ಬಿದ್ದರೆ ರಾಜ ಇಲ್ಲವೆ ಕಾಲಾಳು, ನಾಲ್ಕಕ್ಕೆ ಆನೆ, ಮೂರಕ್ಕೆ ಕುದುರೆ, ಎರಡಕ್ಕೆ ರಥ. ಸುಮಾರು 1030ರಲ್ಲಿ ಅಲ್‌ಬೆರೂನಿ ಭಾರತದಲ್ಲಿ ಕಂಡು ಬರೆದಿಟ್ಟ ಆಟ ಇದು. ಆಡುತ್ತಾ ಹೋದಂತೆ ಗೊತ್ತಾಗುತ್ತದೆ, ಕುದುರೆಯಿಂದ ಎದುರಾಳಿಯ ರಾಜನನ್ನು ಹೊಡೆಯುವ ಸುವರ್ಣಾವಕಾಶ ನಿಮ್ಮ ಕಣ್ಣೆದುರೇ ಇದೆ, ಆದರೆ ಮೂರು ಬೀಳುತ್ತಿಲ್ಲ. ಪಗಡೆಯ ಹಣೆಬರಹವೂ ಚದುರಂಗದ ಲೆಕ್ಕಾಚಾರವೂ ಒಂದೇ ಹಾಸಿನಲ್ಲಿ ಜಗಳವಾಡುತ್ತವೆ. ಯಾವುದು ಮೊದಲು, ಇಬ್ಬರ ಆಟವೋ ನಾಲ್ವರದೋ ಎಂದು ವಿದ್ವಾಂಸರು ಬಹುಕಾಲ ಕಾದಾಡಿದ್ದಾರೆ. ದಾಳದ ನಾಲ್ವರ ಆಟವೇ ಹಿರಿಯದೆಂಬ ಹಳೆಯ ವಾದವನ್ನು ಎಚ್.ಜೆ.ಆರ್. ಮರ್ರೆ 1913ರ ತಮ್ಮ ಚದುರಂಗದ ಇತಿಹಾಸದಲ್ಲಿ ತಳ್ಳಿಹಾಕಿದರು. ಜಗಲಿಯ ಮೇಲೆ ಆಡುವವರಿಗೆ ಆ ವಾದಕ್ಕಿಂತ ಮುಂದಿನ ದಾಳ ಮುಖ್ಯ.

ದಾಳ ಎತ್ತಿಡಿ, ಇಬ್ಬರೇ ಉಳಿಯಿರಿ. ಈಗ ಪರ್ಷಿಯಾಕ್ಕೂ ಅಲ್ಲಿಂದ ಅರಬರಿಗೂ ಹೋದ ಆಟ. ಫಿರ್ದೌಸಿಯ ‘ಶಾಹನಾಮೆ’ಯಲ್ಲಿ ಭಾರತದ ಅರಸ ನೌಶೇರವಾನನಿಗೆ ಇದನ್ನು ಒಗಟಾಗಿ ಕಳಿಸುತ್ತಾನೆ, ಮಂತ್ರಿ ಬುಜುರ್ಜ್‌ಮೆಹರ್ ಕೂತು ಬಿಡಿಸುತ್ತಾನೆ. ಕಾಯಿಗಳನ್ನು ಎಂದಿನಂತೆಯೇ ಜೋಡಿಸಿ. ರಾಜ, ಕುದುರೆ, ಮೂಲೆಯ ಕಾಯಿ ಇವುಗಳ ನಡೆ ನಿಮಗೆ ಗೊತ್ತಿರುವುದೇ. ಮಂತ್ರಿಯ ಮೇಲೆ ಕೈ ಇಟ್ಟಾಗ ಮಾತ್ರ ತಡೆಯಿರಿ. ಇವನು ಹಾಸಿನ ಉದ್ದಗಲಕ್ಕೆ ನುಗ್ಗುವವನಲ್ಲ, ಓರೆಯಾಗಿ ಒಂದೇ ಮನೆ. ನಾವೀಗ ಒಂಟೆ ಎನ್ನುವ ಕಾಯಿಯ ಜಾಗದಲ್ಲಿ ಆಗ ಆನೆ ಇತ್ತು. ಅದು ಓರೆಯಾಗಿ ಸರಿಯಾಗಿ ಎರಡನೆಯ ಮನೆಗೆ ಹಾರುತ್ತದೆ, ನಡುವೆ ಯಾರಿದ್ದರೂ ಲೆಕ್ಕಿಸದು. ಬೆರಳಿಟ್ಟು ಎಣಿಸಿ, ಆಟವಿಡೀ ತಿರುಗಿದರೂ ಒಂದು ಆನೆ ಮುಟ್ಟಬಲ್ಲದ್ದು ಎಂಟೇ ಮನೆ. ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಹೆಜ್ಜೆಯ ಸವಲತ್ತು ಇಲ್ಲ. ರಾಜನಿಗೆ ಕೋಟೆ ಕಟ್ಟಿಕೊಳ್ಳುವ ನಡೆಯೂ ಇಲ್ಲ. ಹತ್ತು ನಡೆ ಕಳೆದರೂ ಎರಡು ಸೇನೆಗಳು ಒಂದನ್ನೊಂದು ಮುಟ್ಟುವುದಿಲ್ಲ. ಈ ನಿಧಾನಕ್ಕೆ ಬೇಸತ್ತೇ ಅರಬ್ ಆಟಗಾರರು ಆರಂಭದ ವ್ಯೂಹಗಳನ್ನು ಮೊದಲೇ ಕಟ್ಟಿಟ್ಟುಕೊಂಡು ಅಲ್ಲಿಂದ ಆಟ ಶುರು ಮಾಡುತ್ತಿದ್ದರು.

1475ರ ಸುಮಾರಿಗೆ ಸ್ಪೇನಿನ ವೇಲೆನ್ಸಿಯಾದ ಕಡೆ ಯಾರೋ ಈ ನಿಯಮಕ್ಕೆ ಕೈ ಹಾಕಿದರು. ಅಲ್ಲಿ ಮಂತ್ರಿಯ ಜಾಗದಲ್ಲಿದ್ದ ರಾಣಿ ಎಂಟು ದಿಕ್ಕಿಗೂ ಓಡಿದಳು, ಒಂಟೆಯ ಓರೆದಾರಿ ಉದ್ದವಾಯಿತು. ನಾಲ್ಕೇ ನಡೆಯಲ್ಲಿ ರಾಜ ಸಿಕ್ಕಿಬೀಳುವ ಆಟ ಬಂತು. ಇಟಲಿಯವರು ಇದನ್ನು ಹುಚ್ಚು ಚದುರಂಗ ಎಂದು ಬೈದರು. ಬೈಯುತ್ತಲೇ ಒಂದೆರಡು ತಲೆಮಾರಿನಲ್ಲಿ ಹಳೆಯದನ್ನು ಮರೆತರು.

ಭಾರತ ಹೊಸ ಓಟವನ್ನು ಒಪ್ಪಿಕೊಂಡರೂ ತನ್ನ ಪದ್ಧತಿಗಳನ್ನು ಬಿಡಲಿಲ್ಲ. ನಿಮ್ಮ ಎದುರಾಳಿ ಎಪ್ಪತ್ತು ದಾಟಿದವರಾದರೆ ಒಂದು ಮಾತು ಕೇಳಿ, ಅವರ ಅಜ್ಜ ಆಡುತ್ತಿದ್ದ ರೀತಿ ಯಾವುದು ಎಂದು. ಕಾಲಾಳು ಒಂದೊಂದೇ ಹೆಜ್ಜೆ. ರಾಜನಿಗೆ ಒಂದೂ ಶಾ, ಅಂದರೆ ಚೆಕ್, ಬೀಳದಿದ್ದರೆ ಆಟದಲ್ಲೊಮ್ಮೆ ಅವನು ಕುದುರೆಯ ಹಾಗೆ ಹಾರಬಹುದು. ಕಾಲಾಳು ಕೊನೆ ಮುಟ್ಟಿದರೆ ಬಯಸಿದ್ದೆಲ್ಲ ಆಗುವಂತಿಲ್ಲ, ಯಾವ ಸಾಲಿನ ತುದಿಗೆ ಹೋಯಿತೋ ಆ ಸಾಲಿನ ಕಾಯಿಯೇ ಆಗಬೇಕು. ಊರೂರಿಗೆ ಸಣ್ಣಪುಟ್ಟ ವ್ಯತ್ಯಾಸ, ಆಟಕ್ಕೆ ಕೂರುವ ಮುಂಚೆ ‘ನಿಮ್ಮಲ್ಲಿ ಹೇಗೆ?’ ಎಂದು ಕೇಳುವುದು ಮರ್ಯಾದೆ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಬೆಳೆದದ್ದು ಇಂಥ ನಿಯಮದಲ್ಲೇ. ಯಜಮಾನನ ಜೊತೆ 1929ರಲ್ಲಿ ಇಂಗ್ಲೆಂಡಿಗೆ ಹೋದವರು ಆ ವರ್ಷವೇ ಬ್ರಿಟಿಷ್ ಚಾಂಪಿಯನ್ ಆದರು, 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. ಹೇಸ್ಟಿಂಗ್ಸ್‌ನಲ್ಲಿ ಕಪಾಬ್ಲಾಂಕಾ ಅವರನ್ನೇ ಸೋಲಿಸಿದರು.

ಕುದುರೆಯ ಬೆನ್ನು ಹತ್ತಿ

ಇಷ್ಟೆಲ್ಲ ಬದಲಾವಣೆಯ ನಡುವೆ ಬದಲಾಗದೆ ಉಳಿದ ಕಾಯಿ ಕುದುರೆ. ಕಲ್ಯಾಣದಲ್ಲೂ ಬಾಗ್ದಾದಿನಲ್ಲೂ ವೇಲೆನ್ಸಿಯಾದಲ್ಲೂ ಅದಕ್ಕೆ ಅದೇ ಎರಡೂವರೆ ಹೆಜ್ಜೆ. ಮುಮ್ಮಡಿಯವರ ಮನಸ್ಸು ಅದರ ಬೆನ್ನು ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ.

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಕಲ್ಲುಬೆಂಚು ಹುಡುಕಿಕೊಳ್ಳಿ. ವಾಯುವಿಹಾರದವರು ಕೈ ಬೀಸಿಕೊಂಡು ಹೋಗುತ್ತಿದ್ದಾರೆ, ಮರದ ತುದಿಯಲ್ಲಿ ಕೊಕ್ಕರೆಗಳ ಜಗಳ. ತೊಡೆಯ ಮೇಲೆ ನೋಟ್‌ಪುಸ್ತಕ ಇಟ್ಟು 64 ಮನೆ ಬರೆಯಿರಿ. ಎಡಗಡೆ ಕೆಳಮೂಲೆಯಲ್ಲಿ 1 ಎಂದು ಬರೆಯಿರಿ, ಕುದುರೆ ಅಲ್ಲಿದೆ. ಹಾರಿ ಇಳಿದ ಮನೆಗೆ 2, ಆಮೇಲೆ 3. ಒಂದು ಮನೆಗೆ ಎರಡು ಸಲ ಕಾಲಿಡದೆ 64 ತಲುಪಬೇಕು. ಎಲ್ಲರೂ ಮಾಡುವುದನ್ನೇ ನೀವೂ ಮಾಡುತ್ತೀರಿ. ನಡುವಿನ ಬಯಲಲ್ಲಿ ಖುಷಿಯಾಗಿ ಓಡಾಡಿ ನಲವತ್ತರ ಆಸುಪಾಸಿಗೆ ಬರುತ್ತೀರಿ, ಆಗ ಮೂಲೆಗಳು ಅನಾಥವಾಗಿ ಉಳಿದಿರುತ್ತವೆ, ಕುದುರೆಗೆ ಹೋಗಲು ದಾರಿ ಇರುವುದಿಲ್ಲ. ರಬ್ಬರ್ ಎತ್ತಿಕೊಳ್ಳಿ.

ಈ ಒಗಟು ನಮ್ಮ ಕವಿಗಳಿಗೂ ಹಿಡಿದಿತ್ತು. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟ ತನ್ನ ‘ಕಾವ್ಯಾಲಂಕಾರ’ದಲ್ಲಿ ಅರ್ಧ ಹಾಸಿನ, ಅಂದರೆ 32 ಮನೆಯ ತುರಗಬಂಧ ಕಟ್ಟಿದ. ನಾಲ್ಕು ಸಾಲಲ್ಲಿ ಬರೆದ ಶ್ಲೋಕವನ್ನು ನೇರವಾಗಿ ಓದಿದರೂ ಕುದುರೆ ಹಾರಿದಂತೆ ಓದಿದರೂ ಅದೇ ಶ್ಲೋಕ. ವೇದಾಂತ ದೇಶಿಕರು ಇದನ್ನು ಮೀರಿಸಿದರು. ‘ಪಾದುಕಾ ಸಹಸ್ರ’ದಲ್ಲಿ ಅವರ ಒಂದು ಶ್ಲೋಕವನ್ನು ಕುದುರೆಯ ನಡೆಯಲ್ಲಿ ಓದಿದರೆ ಅದರ ಮುಂದಿನ ಶ್ಲೋಕ ಹೊರಬರುತ್ತದೆ. ಶ್ರೀರಂಗದ ಮೇಲೆ ದಾಳಿಯಾದಾಗ ಅವರು ಬಂದು ನೆಲೆಸಿದರೆಂದು ಪರಂಪರೆ ಹೇಳುವ ಸತ್ಯೇಗಾಲ ಕೊಳ್ಳೇಗಾಲದ ಪಕ್ಕದಲ್ಲೇ ಇದೆ.

ಯೂರೋಪಿನಲ್ಲಿ ಗಣಿತಜ್ಞ ಆಯ್ಲರ್ 1759ರಲ್ಲಿ ಇದನ್ನು ಕೈಗೆತ್ತಿಕೊಂಡರು. ನಿಮ್ಮ ರಬ್ಬರ್ ಉಳಿಸುವ ಉಪಾಯವನ್ನು ಜರ್ಮನಿಯ ವಾರ್ನ್ಸ್‌ಡಾರ್ಫ್ 1823ರಲ್ಲಿ ಹೇಳಿದರು. ಪ್ರತಿ ಸಲವೂ, ಮುಂದೆ ಹೋಗಲು ಅತಿ ಕಡಿಮೆ ದಾರಿ ಉಳಿದಿರುವ ಮನೆಗೇ ಹಾರಿ. ಮತ್ತೆ ಮೂಲೆಯಿಂದ ಶುರು ಮಾಡಿ ನೋಡಿ. ಮೂಲೆಗೆ ಎರಡೇ ಬಾಗಿಲು, ಯಾವುದಾದರೂ ಸರಿ. ಅಲ್ಲಿಂದ ಐದು ದಾರಿ ಕಾಣುತ್ತವೆ. ನಡುವಿನ ಮನೆಗೆ ಹಾರಿದರೆ ಮುಂದೆ ಏಳು ದಾರಿ, ಅಂಚಿನ ಮನೆಗೆ ಹಾರಿದರೆ ಮೂರೇ. ಆಸೆ ನಡುವಿಗೆ ಎಳೆಯುತ್ತದೆ, ನೀವು ಅಂಚಿಗೆ ಹೋಗಿ. ಕಷ್ಟದ ಮನೆಗಳನ್ನು ಮೊದಲೇ ಮುಗಿಸಿದರೆ ಸುಲಭದವು ಕೊನೆಗೆ ಕಾಯುತ್ತಿರುತ್ತವೆ. ಸೂರ್ಯ ಮಾನಸಗಂಗೋತ್ರಿಯ ಮರಗಳ ಹಿಂದೆ ಇಳಿಯುವಷ್ಟರಲ್ಲಿ ನಿಮ್ಮ ಪೆನ್ಸಿಲ್ 64 ಬರೆದಿರುತ್ತದೆ.

ದೊರೆ ಇಷ್ಟಕ್ಕೆ ತೃಪ್ತರಾಗಲಿಲ್ಲ. ಕುದುರೆಯ ಸುತ್ತಾಟವನ್ನು ಮಾಯಾಚೌಕದ ಜೊತೆ ಹೊಸೆಯಲು ಹೊರಟರು. ಒಂದರಿಂದ 64ರವರೆಗಿನ ಸಂಖ್ಯೆಗಳ ಮೊತ್ತ 2080, ಎಂಟು ಸಾಲಿಗೆ ಹಂಚಿದರೆ ಸಾಲಿಗೆ 260. ಕುದುರೆ ಹಾರಿದ ಕ್ರಮದಲ್ಲೇ ಬರೆದ ಸಂಖ್ಯೆಗಳನ್ನು ಅಡ್ಡಕ್ಕೆ ಕೂಡಿದರೂ ಉದ್ದಕ್ಕೆ ಕೂಡಿದರೂ 260 ಬರಬೇಕು. ಈಗ ನೀವು ಬರೆದ ಹಾಸನ್ನು ಕೂಡಿ ನೋಡಿ. ಒಂದು ಸಾಲು 231, ಮತ್ತೊಂದು 288, ಇಂಥದ್ದೇನೋ ಬರುತ್ತದೆ. ಹೊರಟಲ್ಲಿಗೇ ಮರಳುವ ಕುದುರೆಸುತ್ತುಗಳು ಎಂಟೆಂಟರ ಹಾಸಿನಲ್ಲಿ 13 ಲಕ್ಷ ಕೋಟಿಗೂ ಹೆಚ್ಚು. ಹೊರಟಲ್ಲಿಗೆ ಮರಳಲಿ ಬಿಡಲಿ, ಅಡ್ಡಕ್ಕೂ ಉದ್ದಕ್ಕೂ 260 ಬರುವಂಥ ಬೇರೆಬೇರೆ ಸುತ್ತುಗಳು ಬರೀ 140. ಇಂಗ್ಲೆಂಡಿನಲ್ಲಿ ವಿಲಿಯಂ ಬೆವರ್ಲಿ 1848ರಲ್ಲಿ ಅಂಥದ್ದೊಂದನ್ನು ಪ್ರಕಟಿಸಿ ಹೆಸರಾದರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಮೈಸೂರಿನ ಕೋಟೆಯೊಳಗಿನ ಹಳೆಯ ಮರದರಮನೆಯಲ್ಲಿ ಕೂತು ಮುಮ್ಮಡಿಯವರು ಇಂಥದ್ದೇ ಸುತ್ತನ್ನು ಕಟ್ಟುತ್ತಿದ್ದರು. ಮೂಲೆಯಿಂದ ಮೂಲೆಗೆ ಕೂಡಿದರೂ 260 ಬರುವಂತೆ ಕುದುರೆಯನ್ನು ಓಡಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2003ರಲ್ಲಿ. ಎರಡು ತಿಂಗಳು ಓಡಿದ ಕಂಪ್ಯೂಟರ್ ಎಲ್ಲವನ್ನೂ ಜಾಲಾಡಿ, ಆಗದು ಎಂದಿತು.

ಎಲೆ, ಮರ, ಮಕ್ಕಳು

ಮರುದಿನ ಮೃಗಾಲಯದ ಕಡೆ ಬನ್ನಿ. ಎದುರಿಗೇ ಪ್ರತಿಮಾ ಗ್ಯಾಲರಿ. ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಪ್ರದರ್ಶನ ನಡೆಸುವ ಜಾಗ. ಪ್ರದರ್ಶನದ ದಿನಗಳಲ್ಲಿ ಹೋದರೆ ಪಗಡೆ, ಚೌಕಾಬಾರ, ಆಡುಹುಲಿ, ಅಳಿಗುಳಿಮಣೆ, ಪರಮಪದ ಸೋಪಾನ ಎಲ್ಲ ದೇಶದ ಹತ್ತಾರು ಕರಕುಶಲಗಳ ಉಡುಪು ತೊಟ್ಟು ಕೂತಿರುತ್ತವೆ. ಮರದ ಕೆತ್ತನೆ, ಬಟ್ಟೆಯ ಮೇಲಿನ ಕಲಂಕಾರಿ, ಅರಗಿನ ಬಣ್ಣ. ಮುಟ್ಟಿ ನೋಡಿ, ದಾಳ ಉರುಳಿಸಿ. ಮೈಸೂರಿನ ಛದ್ ಗಂಜೀಫಾ ಎಲೆ ಕಂಡರೆ ಸ್ವಲ್ಪ ಹೊತ್ತು ನಿಲ್ಲಿ. ಇಸ್ಪೀಟಿನ ನಾಲ್ಕು ಬಣ್ಣಕ್ಕೆ ಒಗ್ಗಿದ ಕಣ್ಣಿಗೆ ದಿಗಿಲಾಗುತ್ತದೆ. ಮುಮ್ಮಡಿಯವರು ಕಟ್ಟಿದ ಎಲೆಯಾಟಗಳಲ್ಲಿ ಕೆಲವಕ್ಕೆ 18 ಬಣ್ಣಗಳವರೆಗೆ, 360 ಎಲೆಗಳವರೆಗೆ ಬೇಕು. ಚಾಮುಂಡೇಶ್ವರಿ ಛದ್ ಎಂಬುದಕ್ಕೆ 16 ಬಣ್ಣ, 320 ಎಲೆ. ಇವು ಅರಮನೆಯ ಹೊಸ್ತಿಲು ದಾಟಿ ಊರಿನ ಆಟಗಳಾಗಲಿಲ್ಲ. ಅಷ್ಟು ಎಲೆ ಹಿಡಿಯಲು ಕೈಯೂ ಸಾಲದು, ನೆನಪೂ ಸಾಲದು. ಎಲೆಯ ಮೇಲಿನ ಚಿತ್ರಕಲೆ ಮಾತ್ರ ಗಂಜೀಫಾ ರಘುಪತಿ ಭಟ್ಟರಂಥವರ ಕೈಯಲ್ಲಿ ಬದುಕಿ ಉಳಿಯಿತು.

ಅಲ್ಲಿಂದ ಇನ್ಲೇ ಕೆಲಸದ ಕಾರ್ಖಾನೆಯೊಂದಕ್ಕೆ ಬನ್ನಿ. ಬಾಗಿಲಲ್ಲೇ ಬೀಟೆ ಮರದ ಪುಡಿ ಗಂಟಲಿಗೆ ಹತ್ತುತ್ತದೆ. ಒಬ್ಬರು ಸಣ್ಣ ಗರಗಸದಲ್ಲಿ ತಿಳಿಬಣ್ಣದ ಮರದಿಂದ ಆನೆಯ ಸೊಂಡಿಲು ಕತ್ತರಿಸುತ್ತಿದ್ದಾರೆ. ಇನ್ನೊಬ್ಬರು ಕಪ್ಪು ಹಲಗೆಯ ಮೇಲೆ ಅಷ್ಟೇ ಅಳತೆಯ ಗುಳಿ ತೋಡುತ್ತಿದ್ದಾರೆ. ಗೋಂದು ಹಚ್ಚಿ ಕೂರಿಸಿ, ಉಜ್ಜಿ, ಮೆರುಗು ಕೊಟ್ಟ ಮೇಲೆ ಎರಡು ಮರ ಸೇರಿದ ಗೆರೆ ಉಗುರಿಗೂ ಸಿಗದು. ಭೌಗೋಳಿಕ ಗುರುತು ಪಡೆದ ಮೈಸೂರಿನ ಈ ಕಲೆಯಲ್ಲಿ ಹಿಂದೆ ದಂತ ಬಳಕೆಯಾಗುತ್ತಿತ್ತು, ನಿಷೇಧ ಬಂದ ಮೇಲೆ ಪ್ಲಾಸ್ಟಿಕ್ಕೂ ಬಣ್ಣಬಣ್ಣದ ಮರಗಳೂ ಆ ಜಾಗ ತುಂಬಿದವು. ಪ್ರವಾಸಿಗರು ಕೊಂಡುಹೋಗುವ ಚದುರಂಗದ ಹಾಸು ಇಲ್ಲಿ ಕಪ್ಪು ಮನೆ, ಬಿಳಿ ಮನೆಯಾಗಿ ಹುಟ್ಟುತ್ತದೆ. ಬರೀ ಗೆರೆಯ ಹಾಸು ಭಾರತದ್ದು, ಎರಡು ಬಣ್ಣದ ಅಭ್ಯಾಸ ಯೂರೋಪಿನದು, ಮರ ಮತ್ತು ಕೈ ಮೈಸೂರಿನದು.

ಸಂಜೆ ಊರಿನ ಚೆಸ್ ತರಗತಿಯೊಂದರ ಕಿಟಕಿಯಿಂದ ಇಣುಕಿ. ಗಡಿಯಾರದ ಗುಂಡಿ ಒತ್ತುವ ಟಪ್ ಟಪ್, ಎಂಟು ವರ್ಷದ ಹುಡುಗಿ ಗಲ್ಲಕ್ಕೆ ಕೈ ಊರಿ ಕೂತಿದ್ದಾಳೆ. ಈ ಮಕ್ಕಳಿಗೆ ಎಂ.ಎಸ್. ತೇಜ್‌ಕುಮಾರ್ ಹೆಸರು ಗೊತ್ತು. 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೈಸೂರಿಗರು ಅವರು. ಮುಮ್ಮಡಿಯವರ ಕುದುರೆಯ ಬಗ್ಗೆ ಕೇಳಿ, ಮಕ್ಕಳು ಗೊತ್ತಿಲ್ಲವೆಂದು ತಲೆ ಅಲ್ಲಾಡಿಸುತ್ತಾರೆ. ಅವರು ಆಡುವ ಆಟದ ನಿಯಮಪುಸ್ತಕ ಕಾಯುವುದು 1924ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಫಿಡೆ. ಆ ಪುಸ್ತಕ ಬೇಕು, ಇಲ್ಲದಿದ್ದರೆ ಮೈಸೂರಿನ ಹುಡುಗಿ ನಾರ್ವೆಯ ಹುಡುಗನ ಜೊತೆ ಆಡಲಾರಳು.

ಆದರೆ ಅದೊಂದೇ ಚದುರಂಗ ಎಂದುಕೊಳ್ಳುವುದು ತಪ್ಪು. ಥಾಯ್ಲೆಂಡಿನ ಮಕ್ರುಕ್‌ನಲ್ಲಿ ಮಂತ್ರಿ ಇವತ್ತಿಗೂ ಓರೆಯಾಗಿ ಒಂದೇ ಹೆಜ್ಜೆ ಇಡುತ್ತಾನೆ. ಚೀನಾದ ಶಿಯಾಂಗ್ಚಿಯ ಹಾಸಿನ ನಡುವೆ ನದಿ ಹರಿಯುತ್ತದೆ, ಆನೆ ಅದನ್ನು ದಾಟುವಂತಿಲ್ಲ. ಜಪಾನಿನ ಶೋಗಿಯಲ್ಲಿ ನೀವು ಹೊಡೆದ ಕಾಯಿ ನಿಮ್ಮ ಸೈನಿಕನಾಗಿ 81 ಮನೆಯ ಹಾಸಿಗೆ ಮರಳುತ್ತದೆ. ತೈಮೂರನ ಹೆಸರಿನ ದೊಡ್ಡ ಚದುರಂಗದಲ್ಲಿ ಜಿರಾಫೆಯೂ ಇತ್ತು. ಬಾಬಿ ಫಿಷರ್ 1996ರಲ್ಲಿ ಹಿಂದಿನ ಸಾಲಿನ ಕಾಯಿಗಳನ್ನು ಕಲಸಿ 960 ಆರಂಭಗಳ ಆಟ ಘೋಷಿಸಿದರು, ಕಂಠಪಾಠದಿಂದ ಆಟವನ್ನು ಬಿಡಿಸಲು. ಡೇವಿಡ್ ಪ್ರಿಚರ್ಡ್ ಅವರ 1994ರ ವಿಶ್ವಕೋಶದಲ್ಲಿ ಇಂಥ 1,400ಕ್ಕೂ ಹೆಚ್ಚು ರೂಪಗಳಿವೆ.

ಚದುರಂಗವನ್ನು ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗೆ ಒಬ್ಬರ ಹೆಸರು ಹೇಳಿದವರನ್ನು ನಂಬಬೇಡಿ. ಇದು ಉತ್ತರ ಭಾರತದಲ್ಲಿ ಮೊಳೆತು, ಹೋದ ಊರಿನಲ್ಲೆಲ್ಲ ಯಾರೋ ನಿಯಮ ತಿದ್ದಿದ್ದರಿಂದ ಬದುಕಿದ ಆಟ. ತಿದ್ದುವ ಧೈರ್ಯ ನಿಂತ ಕಡೆ ಅದು ಪಾಠವಾಯಿತು, ಮುಂದುವರಿದ ಕಡೆ ಹೊಸ ಆಟವಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರನ್ನು ನೆನೆಯಬೇಕಾದ್ದು ಆ ಧೈರ್ಯಕ್ಕಾಗಿ. ಹಳೆಯದನ್ನು ದೇವತೆಗಳ ಲಕ್ಷಣದಷ್ಟೇ ಶ್ರದ್ಧೆಯಿಂದ ಬರೆದಿಟ್ಟು, ಅದರ ಮೇಲೇ ಹೊಸದನ್ನು ಕಟ್ಟಿದರು. ಅವರ ಎಲೆಯಾಟಗಳು ಸೋತವು, ಕುದುರೆ ಗೆದ್ದಿತು. ಹೊಸದನ್ನು ಮಾಡುವವರ ಲೆಕ್ಕದಲ್ಲಿ ಎರಡೂ ಇರುತ್ತವೆ.

ಆದ್ದರಿಂದ ಒಂದು ಕೋರಿಕೆ. ನಿಮ್ಮ ಮನೆಯ ಮಗು ಚೆಸ್ ಕಲಿಯುತ್ತಿದ್ದರೆ ವಾರಕ್ಕೊಂದು ಆಟವನ್ನು ಹಳೆಯ ನಿಯಮದಲ್ಲಿ ಆಡಿಸಿ, ಒಂದು ಆಟವನ್ನು ಮಗುವೇ ಮಾಡಿದ ನಿಯಮದಲ್ಲಿ ಆಡಿ. ಕುದುರೆಗೆ 64 ಮನೆ ತೋರಿಸಿ, ಉಪಾಯ ಹೇಳಬೇಡಿ. ರಂಗಮಹಲಿನ ಗೋಡೆಯನ್ನು ಮಕ್ಕಳಿಗೆ ತೋರಿಸುವ ಶಿಕ್ಷಕರಿದ್ದರೆ ಚಿತ್ರ ತೋರಿಸಿ ಇಳಿಸಿಕೊಂಡು ಬರಬೇಡಿ. ಅಂಗಳದಲ್ಲಿ ಅದೇ ಹಾಸು ಎಳೆದು ಆಡಲು ಬಿಡಿ. ಮೈಸೂರು ಬರೆದಿಟ್ಟ ಆಟಗಳಿಗೆ ಓದುಗರು ಸಿಕ್ಕಿದ್ದಾರೆ, ಈಗ ಆಡುವವರು ಬೇಕು.